ಹನಿಗಥೆ: 400 ಪದದಿಂದ 61ಕ್ಕೆ ಇಳಿದ ನನ್ನ ಅನುಭವ

ಉದ್ದ ಬರೆಯೋಕೆ ಟೈಮಿಲ್ಲ ಅಂತ ಹನಿಗಥೆಗೆ ಕೈ ಹಾಕಿದವನು ನಾನು. ಮೊದಲ ಹತ್ತು ಹನ್ನೆರಡು ಕಥೆ ಎಲ್ಲಾ ಒಂದೇ ಥರ, ಕೊನೇ ಸಾಲಲ್ಲಿ ಟ್ವಿಸ್ಟು, ಒಂದೋ ಅವನು ಮೊದಲೇ ಸತ್ತೋಗಿದ್ದ ಇಲ್ಲಾ ಎಲ್ಲಾ ಕನಸು. ಫ್ರೆಂಡ್ ಒಬ್ಳು ಮೂರನೇ ಕಥೆ ಅರ್ಧ ಓದಿ 'ಇವನೂ ಸತ್ತಿರ್ತಾನೆ ತಾನೆ?' ಅಂದ್ಳು. ಅವತ್ತಿಗೆ ಆ ಚಟ ಬಿಡ್ತು.

ಆಮೇಲೆ ಬರೆದದ್ದು ಒಬ್ಬ ಮುದುಕನ ಕಥೆ. ಹೆಂಡ್ತಿ ತಂದಿದ್ದ ಲೈಬ್ರರಿ ಪುಸ್ತಕ ವಾಪಸ್ ಕೊಡೋಕೆ ಹೋಗ್ತಾನೆ, ದಂಡ ಕಟ್ತಾನೆ, ಆದ್ರೆ ಪುಸ್ತಕ ಕೊಡದೆ ಅವಳ ಹೆಸರಲ್ಲೇ ಇನ್ನೊಂದ್ಸಲ ರಿನ್ಯೂ ಮಾಡಿಸ್ಕೊಂಡು ಬರ್ತಾನೆ. ಮೊದಲ ಡ್ರಾಫ್ಟು 400 ಪದ ದಾಟಿತ್ತು, ಆಸ್ಪತ್ರೆ, ಕಾಯಿಲೆ, ಮದುವೆ ಫೋಟೊ, ಜೊತೆಗೆ ಮಳೆ ಬೇರೆ (ಮಳೆ ಯಾಕೆ ಬಂತೋ ದೇವರಿಗೇ ಗೊತ್ತು). ಕೌಂಟರ್ ಮುಂದೆಯೇ ಶುರುವಾದ್ರೆ ಸಾಕು ಅಂತ ಹೊಳೆದಾಗ ಮೊದಲ ಮೂರು ಪ್ಯಾರಾ ಒಟ್ಟಿಗೇ ಹೋದ್ವು. ಒಂದು ವಾರ ಕಾಡಿದ್ದು 'ಅವಳು ತೀರಿಕೊಂಡಿದ್ದಳು' ಅನ್ನೋ ಸಾಲು, ತೆಗೆದ್ರೆ ಯಾರಿಗೂ ತಿಳಿಯಲ್ಲ ಅನ್ನೋ ಭಯ, ಇಟ್ರೆ ಹೇಳೋಕೆ ಇನ್ನೇನೂ ಉಳಿಯಲ್ಲ. ಕೊನೆಗೆ ಕಾಪಾಡಿದ್ದು ಕ್ರಿಯಾಪದ. ಕೌಂಟರಿನವನು 'ಅಮ್ಮ ಇನ್ನೂ ಓದ್ತಿದಾರಾ?' ಅಂತಾನೆ, ಮುದುಕ 'ಓದ್ತಿದ್ಲು' ಅಂತಾನೆ. ಅಷ್ಟೇ. ಒಂದಿಬ್ಬರಿಗೆ ಅದು ಹೊಳೀಲಿಲ್ಲ, ಪರವಾಗಿಲ್ಲ ಅಂತ ಬಿಟ್ಟೆ.

ಕಥೆ ಇಷ್ಟೇ ಪದದಲ್ಲಿ ಮುಗೀಬೇಕು ಅನ್ನೋ ಇಂಗ್ಲಿಷಿನ 55 ಪದ, 100 ಪದದ ಲೆಕ್ಕ ನಾನು ಹಿಡಿಯಲ್ಲ. ನಮ್ಮಲ್ಲಿ 'ಹೋಗಿಬಿಟ್ಟಿದ್ದಳಂತೆ' ಒಂದೇ ಪದ, ಅದರೊಳಗೆ ಯಾರು, ಯಾವಾಗ, ಹೇಗೆ ಎಲ್ಲಾ ಇದೆ, ಆ ಕೊನೇ 'ಅಂತೆ'ಯಂತೂ ಹೇಳ್ತಿರೋನು ಕಣ್ಣಾರೆ ನೋಡಿಲ್ಲ ಅನ್ನೋದನ್ನೂ ಹೇಳಿಬಿಡುತ್ತೆ. ಇದೇ ಗುಣ ಕೈಕೊಡೋದೂ ಉಂಟು. ಪಾತ್ರ ಗಂಡೋ ಹೆಣ್ಣೋ ಅಂತ ಮುಚ್ಚಿಡಬೇಕಾದ್ರೆ 'ಬಂದ', 'ಬಂದಳು' ಎರಡೂ ಗುಟ್ಟು ರಟ್ಟು ಮಾಡ್ತವೆ, 'ಬಂದರು' ಅಂತ ಬಹುವಚನಕ್ಕೆ ಹೋಗ್ಬೇಕು ಇಲ್ಲಾ 'ನಾನು' ಅಂತ ಕಥೆ ಹೇಳಿಸ್ಬೇಕು, ಯಾಕಂದ್ರೆ 'ಬಂದೆ'ಗೆ ಲಿಂಗ ಇಲ್ವಲ್ಲ.

ಟೈಟಲ್ ಮೊದಲು 'ನವೀಕರಣ' ಅಂತಿತ್ತು, ಅದು ಕೊನೆಯನ್ನ ಮೊದಲೇ ಹೇಳಿಬಿಡ್ತಿತ್ತು. 'ಪುಟ 112' ಅಂತ ಬದಲಾಯಿಸ್ದೆ, ಅವಳು ಗುರುತಿಗೆ ಮೂಲೆ ಮಡಚಿಟ್ಟ ಪುಟ. ಎಲ್ಲೀವರೆಗೆ ಓದಿದ್ಲು ಅಂತ ವಿವರಿಸ್ತಿದ್ದ ಸಾಲೂ ಆಗ ಬೇಡವಾಯ್ತು, ಎಣಿಸಿದ್ರೆ 61 ಪದ.