ತಡವಾಗಿ ಬರುವ ಜಿಪಿಎಸ್ ಸಿಗ್ನಲ್‌ನಿಂದ ಮಳೆ ಮುನ್ಸೂಚನೆ ಸುಧಾರಿಸುವುದು ಹೇಗೆ?

ಆಷಾಢದಲ್ಲಿ ವಿಜಯಪುರದ ಮೇಲೆ ಗಾಳಿ ಜೋರಾಗಿ ಬೀಸುತ್ತದೆ. ಮೋಡಗಳು ಹಾಗೇ ಪೂರ್ವಕ್ಕೆ ಸಾಗುತ್ತವೆ, ಮಳೆ ಬೀಳುವುದಿಲ್ಲ. ಅದೇ ಹೊತ್ತಿಗೆ ಬೆಳಗಾವಿ ಜಿಲ್ಲೆಯ ಖಾನಾಪುರದ ಕಣಕುಂಬಿಯಲ್ಲಿ ಮಳೆಗೆ ಬಿಡುವೇ ಇರುವುದಿಲ್ಲ. ಇಂಥ ಸೀಮೆಗೆ ಸರಿಯಾದ ಮುನ್ಸೂಚನೆ ಬೇಕೆಂದರೆ, ಈಗ ಯಾವ ಊರಿನ ಮೇಲೆ ಎಷ್ಟು ನೀರಾವಿ ಇದೆ ಎಂಬುದು ಹವಾಮಾನವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗೆ ಮೊದಲು ಗೊತ್ತಾಗಬೇಕು. ಹವಾಮಾನ ಬಲೂನುಗಳು ಇದನ್ನು ಅಳೆಯುತ್ತವೆ. ಆದರೆ ಅವನ್ನು ಹಾರಿಸುವ ಕೇಂದ್ರಗಳು ದೂರ ದೂರ, ಹಾರಿಸುವುದೂ ಹೆಚ್ಚೆಂದರೆ ದಿನಕ್ಕೆ ಎರಡು ಸಲ. ಜಿಪಿಎಸ್ ಸಿಗ್ನಲ್ ದಿನವಿಡೀ ಬರುತ್ತಲೇ ಇರುತ್ತದೆ. ಗಾಳಿಯಲ್ಲಿನ ನೀರಾವಿ ಅದನ್ನು ತುಸು ತಡವಾಗಿಸುತ್ತದೆ. ಆ ತಡದಿಂದ ನೀರಾವಿ ಅಳೆಯುವ ದಾರಿಯನ್ನು ವಿಜ್ಞಾನಿ ಮೈಕೆಲ್ ಬೆವಿಸ್ ಮತ್ತು ಸಂಗಡಿಗರು 1992ರಲ್ಲಿ ವಿವರಿಸಿದರು. ನಮ್ಮ ಭಾಗದ ಕಾಲೇಜುಗಳಲ್ಲೂ ಇದನ್ನು ಮಾಡಬಹುದು. ಮಾಡಬೇಕು ಎಂಬುದು ನನ್ನ ಆಸೆ.

ರಿಸೀವರ್ ಕೂರಿಸುವುದು

ಸಿವಿಲ್ ವಿಭಾಗದಲ್ಲಿ ಸರ್ವೇಗೆ ಬಳಸುವ, ಎರಡು ಫ್ರೀಕ್ವೆನ್ಸಿಯ ರಿಸೀವರ್ ಬೇಕು. ಮೊಬೈಲ್ ಸಾಲದು. ಉಪಗ್ರಹ ಇರುವುದು ಸುಮಾರು 20,200 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಬರುವ ಸಿಗ್ನಲ್ ಮೊದಲು ಅಯಾನುಗೋಳದಲ್ಲಿ, ಅಂದರೆ ವಿದ್ಯುತ್ ಕಣಗಳಿರುವ ಮೇಲಿನ ಪದರದಲ್ಲಿ, ತಡವಾಗುತ್ತದೆ. ಈ ತಡ ಎರಡು ಫ್ರೀಕ್ವೆನ್ಸಿಗೆ ಬೇರೆ ಬೇರೆ ಇರುವುದರಿಂದ ಲೆಕ್ಕ ಹಾಕಿ ಕಳೆಯಬಹುದು. ಉಳಿಯುವುದು ಕೆಳಗಿನ ಗಾಳಿ ಮಾಡಿದ ತಡ. ಸರ್ವೇಯವರಿಗೆ ಅದು ತೊಲಗಬೇಕಾದ ದೋಷ, ನಮಗೆ ಅದೇ ಬೇಕು.

ಆಂಟೆನಾವನ್ನು ಸುತ್ತ ಮರ, ಗೋಡೆ ಇಲ್ಲದ ಕಡೆ ಅಲುಗಾಡದಂತೆ ಕೂರಿಸಿ. ದಾಖಲಾದ ಕಚ್ಚಾ ಡೇಟಾವನ್ನು ಆರ್‌ಟಿಕೆಲಿಬ್ ಎಂಬ ಉಚಿತ ತಂತ್ರಾಂಶಕ್ಕೆ ಕೊಡಿ. ಕೆನಡಾ ಸರ್ಕಾರದ ಉಚಿತ ಆನ್‌ಲೈನ್ ಪಿಪಿಪಿ (ಒಂದೇ ರಿಸೀವರ್‌ನಿಂದ ನಿಖರ ಸ್ಥಾನ ತಿಳಿಯುವ ವಿಧಾನ) ಸೇವೆಯೂ ಇದೆ. ನೇರ ತಲೆ ಮೇಲಿನ ಒಟ್ಟು ತಡ ಎಷ್ಟು ಎಂಬುದು ಮೀಟರ್ ಲೆಕ್ಕದಲ್ಲಿ, ಅಂದರೆ ಆ ಹೊತ್ತಿನಲ್ಲಿ ಸಿಗ್ನಲ್ ಸಾಗಬಹುದಾಗಿದ್ದ ದೂರವಾಗಿ, ಸಿಗುತ್ತದೆ.

ನೀರಿನ ಪಾಲು ಬೇರೆ ಮಾಡುವುದು

ಈ ತಡದಲ್ಲಿ ದೊಡ್ಡ ಪಾಲು ಒಣ ಗಾಳಿಯದ್ದು. ಅದನ್ನು ಗಾಳಿಯ ಒತ್ತಡದಿಂದಲೇ ಹೇಳಬಹುದು: ಒಂದು ಹೆಕ್ಟೊಪ್ಯಾಸ್ಕಲ್‌ಗೆ ಸುಮಾರು 2.28 ಮಿ.ಮೀ. ಒಂದು ಉದಾಹರಣೆ ನೋಡೋಣ. ವಿಜಯಪುರದಲ್ಲಿ ಒತ್ತಡ 942 ಹೆಕ್ಟೊಪ್ಯಾಸ್ಕಲ್, ಒಟ್ಟು ತಡ 2.44 ಮೀಟರ್ ಎಂದುಕೊಳ್ಳಿ. ಒಣ ಗಾಳಿಯ ಪಾಲು ಸುಮಾರು 2.15 ಮೀಟರ್. ಉಳಿದದ್ದು 290 ಮಿ.ಮೀ. ಇದು ನೀರಾವಿ ಮಾಡಿದ ತಡ. 1 ಮಿ.ಮೀ. ನೀರಿಗೆ ಸುಮಾರು 6.5 ಮಿ.ಮೀ. ತಡವಾಗುವುದರಿಂದ ಅದನ್ನು 6.5ರಿಂದ ಭಾಗಿಸಿದರೆ ಸುಮಾರು 45 ಮಿ.ಮೀ. ತಲೆ ಮೇಲಿನ ನೀರಾವಿಯೆಲ್ಲ ನೀರಾಗಿ ನೆಲಕ್ಕಿಳಿದರೆ ಅಷ್ಟು ಎತ್ತರ ನಿಲ್ಲುತ್ತದೆ ಎಂದರ್ಥ.

ಇಲ್ಲಿ ಒಂದು ಎಚ್ಚರ. ಹವಾಮಾನದ ಆ್ಯಪ್‌ಗಳು ತೋರಿಸುವ ಒತ್ತಡ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ್ದು. ಸುಮ್ನೆ ಅದನ್ನೇ, ಅಂದರೆ 1008 ಅಂತ ಹಾಕಿದರೆ ಉತ್ತರ 22 ಮಿ.ಮೀ.ಗೆ ಇಳಿಯುತ್ತದೆ. ಅರ್ಧಕ್ಕರ್ಧ ನೀರು ಮಾಯ! ಆಂಟೆನಾದ ಪಕ್ಕದಲ್ಲೇ ಒಳ್ಳೆಯ ಬ್ಯಾರೋಮೀಟರ್ ಇಡಿ.

ಮಾದರಿಗೆ ಸೇರಿಸುವುದು

ಡಬ್ಲ್ಯುಆರ್‌ಎಫ್ ಎಂಬ ಹವಾಮಾನ ಮುನ್ಸೂಚನೆಯ ಮಾದರಿ ಉಚಿತವಾಗಿ ಸಿಗುತ್ತದೆ. ಅಳತೆಗಳನ್ನು ಅದರೊಳಗೆ ಬೆಸೆಯಲು ಬೇರೆಯದೇ ಒಂದು ಭಾಗವಿದೆ. ಮಾದರಿಯ ಸಂಖ್ಯೆ ಅಳಿಸಿ ನಮ್ಮದನ್ನು ಬರೆದರೆ ಕೆಲಸ ಕೆಡುತ್ತದೆ. ಹಿಂದಿನ ಮುನ್ಸೂಚನೆಯ ಪ್ರಕಾರ ಇಲ್ಲಿ ತಡ ಎಷ್ಟಿರಬೇಕಿತ್ತು ಎಂದು ಮೊದಲು ಲೆಕ್ಕ ಹಾಕಬೇಕು. ಅಳೆದದ್ದಕ್ಕೂ ಅದಕ್ಕೂ ವ್ಯತ್ಯಾಸ ನೋಡಬೇಕು. ಎರಡರಲ್ಲಿ ಯಾವುದು ಎಷ್ಟು ನಂಬಿಕಸ್ತ ಎಂಬುದರ ಮೇಲೆ ತಿದ್ದುಪಡಿ ನಿಲ್ಲುತ್ತದೆ. ಯಾವಾಗಲೂ ಒಂದೇ ದಿಕ್ಕಿಗೆ ವಾಲುವ ವ್ಯತ್ಯಾಸ ಕಂಡರೆ ಅದನ್ನು ಮೊದಲೇ ಕಳೆಯಬೇಕು.

ಬೆಳಗಾವಿ ಕಡೆ ಜಾಸ್ತಿ ತೊಂದರೆ ಕೊಡುವುದು ಎತ್ತರ. ಮಾದರಿಯ ಒಂದೊಂದು ಚೌಕ ಹಲವು ಕಿ.ಮೀ. ಅಗಲ ಇರುತ್ತದೆ. ಘಟ್ಟದ ಏರಿಳಿತವೆಲ್ಲ ಅದರಲ್ಲಿ ಸಪಾಟಾಗುತ್ತದೆ. ಮಾದರಿಯ ನೆಲಕ್ಕೂ ನಿಮ್ಮ ಆಂಟೆನಾಕ್ಕೂ 100 ಮೀಟರ್ ವ್ಯತ್ಯಾಸವಿದ್ದರೆ ಒಣ ಗಾಳಿಯ ಪಾಲು ಸುಮಾರು 25 ಮಿ.ಮೀ. ತಪ್ಪುತ್ತದೆ. ಅದನ್ನು ಸರಿಪಡಿಸದಿದ್ದರೆ ಮಾದರಿ ಇಲ್ಲದ 4 ಮಿ.ಮೀ. ನೀರನ್ನು ಗಾಳಿಗೆ ಸೇರಿಸುತ್ತದೆ, ಇಲ್ಲವೇ ಇದ್ದದ್ದನ್ನು ತೆಗೆಯುತ್ತದೆ.

ನೆಲದ ರಿಸೀವರ್ ಒಟ್ಟು ನೀರನ್ನಷ್ಟೇ ಹೇಳುತ್ತದೆ, ಅದು ಯಾವ ಎತ್ತರದಲ್ಲಿದೆ ಎಂದು ಹೇಳುವುದಿಲ್ಲ. ಆ ಕೊರತೆಯನ್ನು 2019ರ ಜೂನ್‌ನಲ್ಲಿ ಹಾರಿದ ಕಾಸ್ಮಿಕ್-2 ಎಂಬ ಯೋಜನೆಯ 6 ಉಪಗ್ರಹಗಳು ತುಂಬುತ್ತವೆ. ಜಿಪಿಎಸ್ ಉಪಗ್ರಹವು ಭೂಮಿಯ ಅಂಚಿನಲ್ಲಿ ಮರೆಯಾಗುವಾಗ ಅದರ ಸಿಗ್ನಲ್ ಎಷ್ಟು ಬಾಗಿತು ಎಂದು ಇವು ಅಳೆಯುತ್ತವೆ. ಅದರಿಂದ ಪದರ ಪದರವಾಗಿ ಉಷ್ಣಾಂಶ, ತೇವ ತಿಳಿಯುತ್ತದೆ. ಮೋಡ ಅಡ್ಡಿಯಾಗುವುದಿಲ್ಲ. ಆದರೆ ಅಡ್ಡಡ್ಡಲಾಗಿ ಅದು 200 ಕಿ.ಮೀ.ಗೂ ಹೆಚ್ಚು ದೂರದ ಸರಾಸರಿ. ಬೆಳಗಾವಿಯನ್ನೂ ವಿಜಯಪುರವನ್ನೂ ಬೇರೆ ಮಾಡಿ ಹೇಳಲು ನೆಲದ ರಿಸೀವರೇ ಬೇಕು. ಎರಡೂ ಜೊತೆಗಿದ್ದರೆ ಒಳ್ಳೆಯದು.

ಪರೀಕ್ಷೆ

ಒಂದು ಮಳೆಗಾಲವನ್ನು ಮಾದರಿಯಲ್ಲಿ ಎರಡು ಸಲ ಓಡಿಸಿ. ಒಮ್ಮೆ ನಿಮ್ಮ ಅಳತೆ ಸೇರಿಸಿ, ಒಮ್ಮೆ ಬಿಟ್ಟು. ಗ್ರಾಮ ಪಂಚಾಯಿತಿ ಮಟ್ಟದಲ್ಲಿರುವ ಮಳೆಮಾಪಕಗಳ ದಾಖಲೆಯೊಂದಿಗೆ ಎರಡನ್ನೂ ಹೋಲಿಸಿ. ನೀರಾವಿ ಏರಿತು, ಇನ್ನೇನು ಮಳೆ ಅಂತ ಘೋಷಿಸಬೇಡಿ. ಆಷಾಢದ ವಿಜಯಪುರದಲ್ಲಿ ಗಾಳಿಯಲ್ಲಿ ತೇವ ಸಾಕಷ್ಟಿದ್ದರೂ ಅದನ್ನು ಮೇಲಕ್ಕೆತ್ತುವ ಬಲ ಇರುವುದಿಲ್ಲ. ಬೇಸಿಗೆಯಲ್ಲಿ ಹಾಗಲ್ಲ. ದ್ರಾಕ್ಷಿ ಒಣಗಲು ಹಾಕಿದ ದಿನಗಳಲ್ಲಿ ನೆಲ ಕಾದಿರುತ್ತದೆ, ತೇವ ಬಂದರೆ ಸಂಜೆಗೆ ಗುಡುಗು ಮಳೆ ಆಗಬಹುದು. ಶೆಡ್ಡಿಗೆ ಪರದೆ ಇಳಿಸಲು ರೈತರಿಗೆ ಕೆಲವೇ ಗಂಟೆ ಮುಂಚೆ ತಿಳಿದರೂ ಸಾಕು. ಅದಕ್ಕಾಗಿ ಅಳತೆ ಒಂದೆರಡು ಗಂಟೆಯೊಳಗೆ ಮಾದರಿಗೆ ಸೇರಬೇಕು. ತಡ ಲೆಕ್ಕ ಹಾಕಲು ಜಿಪಿಎಸ್ ಉಪಗ್ರಹಗಳ ಕಕ್ಷೆ ಗೊತ್ತಿರಬೇಕು. ನಿಖರ ಕಕ್ಷೆಯ ಅಂತಿಮ ಲೆಕ್ಕ ಬರಲು ವಾರಗಳೇ ಹಿಡಿಯುತ್ತವೆ. ಮುನ್ಸೂಚನೆಗೆ ಬೇಗ ಸಿಗುವ ಕಕ್ಷೆಯ ಲೆಕ್ಕವನ್ನೇ ಬಳಸಿ.