ವಿಂಡೋಸ್‌ನಿಂದ ಲಿನಕ್ಸ್‌ಗೆ: ಹಳೆಯ ಕನ್ನಡ ಕಡತಗಳು ಮೊದಲು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ ಕೇಳುತ್ತದೆ. ಅದಿಲ್ಲವೆಂಬ ಕಾರಣಕ್ಕೆ, ಚೆನ್ನಾಗಿ ಓಡುತ್ತಿರುವ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ. 4 ಜಿಬಿ ರ‍್ಯಾಮ್ ಇದ್ದರೆ ವಿಂಡೋಸಿನ ಬದಲಿಗೆ ಬಳಸಬಹುದಾದ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಒಂದು ರೂಪವಾದ ಲಿನಕ್ಸ್ ಮಿಂಟ್ ಸಾಕು. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಆದರೆ ಆತುರ ಬೇಡ. ವಿಂಡೋಸ್ ಇರುವಾಗಲೇ ಬರಹ, ಅಂತರ್ಜಾಲ, ವಿಡಿಯೊಗಳಿಗೆ ಕ್ರಮವಾಗಿ ಲಿಬ್ರೆ ಆಫೀಸ್, ಫೈರ್‌ಫಾಕ್ಸ್, ವಿಎಲ್‌ಸಿ ಹಾಕಿಕೊಂಡು ಒಂದು ತಿಂಗಳು ಅವುಗಳಲ್ಲೇ ಕೆಲಸ ಮಾಡಿ. ಲಿನಕ್ಸ್‌ನಲ್ಲಿಯೂ ಇವೇ ಇರುವುದರಿಂದ ಆಗ ಹೊಸ ಮನೆಯಲ್ಲಿ ಹಳೆಯ ಪಾತ್ರೆಗಳೇ ಕೈಗೆ ಸಿಗುತ್ತವೆ.

ಕನ್ನಡದಲ್ಲಿ ಬರೆಯುವವರು ಮುಂದೆ ಹೋಗುವ ಮೊದಲು ಒಂದು ಕೆಲಸ ಮುಗಿಸಲೇಬೇಕು. ನುಡಿ, ಬರಹ ತಂತ್ರಾಂಶಗಳಲ್ಲಿ ಹಿಂದೆ ಬೆರಳಚ್ಚು ಮಾಡಿದ ಎಷ್ಟೋ ಕಡತಗಳು ಎಲ್ಲ ಕಂಪ್ಯೂಟರ್‌ಗಳೂ ಅರ್ಥಮಾಡಿಕೊಳ್ಳುವ ಅಕ್ಷರ ಸಂಕೇತವಾದ ಯೂನಿಕೋಡ್‌ನಲ್ಲಿಲ್ಲ. ಅಲ್ಲಿ ಕನ್ನಡವನ್ನು ತೋರಿಸುತ್ತಿರುವುದು ಫಾಂಟ್ ಮಾತ್ರ. ಆ ಫಾಂಟ್ ಇಲ್ಲದ ಕಡೆ ತೆರೆದರೆ ‘ಕನ್ನಡ’ ಎಂದಿದ್ದ ಜಾಗದಲ್ಲಿ ಇಂಗ್ಲಿಷಿನ ಪಿ, ಕ್ಯೂ ಅಕ್ಷರಗಳ ನಡುವೆ ಬ್ರಿಟನ್ನಿನ ಪೌಂಡ್ ಚಿಹ್ನೆ ಕುಳಿತಿರುತ್ತದೆ. ನನ್ನ ತಂದೆ ನುಡಿಯಲ್ಲಿ ಬರೆದಿಟ್ಟಿದ್ದ ಊರಿನ ನೆನಪುಗಳು ಪುಟಪುಟವೂ ಹೀಗೆ ಕಂಡಾಗ ನನಗೆ ಎದೆ ಧಸಕ್ಕೆಂದಿತ್ತು. ಅಂತರ್ಜಾಲದಲ್ಲಿ ಉಚಿತವಾಗಿ ಸಿಗುವ ಪರಿವರ್ತಕದಿಂದ ಎಲ್ಲವನ್ನೂ ಯೂನಿಕೋಡ್‌ಗೆ ತಂದೆ. ತಂದ ಮೇಲೆ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಓದಿದೆ. ನೀವೂ ಓದಿ. ಅರ್ಕಾವೊತ್ತು ಇರುವ ಪದಗಳು, ‘ಸ್ವಾತಂತ್ರ್ಯ’ದಂತೆ ಒತ್ತಿನ ಮೇಲೆ ಒತ್ತು ಬರುವ ಪದಗಳು, ವ್ಯಕ್ತಿಗಳ ಮತ್ತು ಊರುಗಳ ಹೆಸರುಗಳು, ಇವುಗಳ ಮೇಲೆ ಕಣ್ಣಿರಲಿ. ಮೂಲ ಕಡತಗಳನ್ನು ಅಳಿಸಬೇಡಿ.

ಎಲ್ಲವನ್ನೂ ಹೊರಗಿನ ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ಬಳಿಕ ಮಿಂಟ್‌ನ ಐಎಸ್‌ಒ ಕಡತವನ್ನು (ಇಡೀ ವ್ಯವಸ್ಥೆಯೇ ಅಡಗಿರುವ ಒಂದೇ ಕಡತ) ಇಳಿಸಿಕೊಂಡು, ರೂಫಸ್ ಎಂಬ ಪುಟ್ಟ ತಂತ್ರಾಂಶ ಬಳಸಿ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ. ಕಂಪ್ಯೂಟರನ್ನು ಮರುಚಾಲನೆ ಮಾಡಿ ಯಾವುದರಿಂದ ಚಾಲೂ ಆಗಬೇಕೆಂದು ಕೇಳುವ ಬೂಟ್ ಮೆನುವಿನಲ್ಲಿ ಪೆನ್‌ಡ್ರೈವನ್ನೇ ಆರಿಸಿ. ಅನೇಕ ಕಂಪ್ಯೂಟರ್‌ಗಳಲ್ಲಿ ಈ ಮೆನು ತೆರೆಯುವುದು ಎಫ್12 ಕೀಲಿಯಿಂದ. ಈಗ ಏನನ್ನೂ ಅಳವಡಿಸದೆ ಮಿಂಟ್ ಕಣ್ಣೆದುರು ಬರುತ್ತದೆ. ವೈ-ಫೈ, ಧ್ವನಿ, ಕ್ಯಾಮೆರಾ, ಮುಖ್ಯವಾಗಿ ಪ್ರಿಂಟರ್, ಇಲ್ಲಿಯೇ ಪರೀಕ್ಷಿಸಿ.

ಮನಸ್ಸಿಗೆ ಬಂದರೆ ಅಳವಡಿಸಿ. ವಿಂಡೋಸ್‌ಗೆಂದೇ ಮಾಡಿದ, ಲೆಕ್ಕಪತ್ರದ ಟ್ಯಾಲಿಯಂತಹ ತಂತ್ರಾಂಶವೇ ನಿಮ್ಮ ಜೀವನೋಪಾಯವಾಗಿದ್ದರೆ ವಿಂಡೋಸನ್ನೂ ಪಕ್ಕದಲ್ಲಿ ಉಳಿಸಿಕೊಳ್ಳುವ ಆಯ್ಕೆಯನ್ನು ಒತ್ತಿ. ಅದಕ್ಕೂ ಮೊದಲು, ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯವಾದ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿರಬೇಕು.

ಕನ್ನಡ ಟೈಪಿಂಗ್‌ಗೆ ಐಬಸ್ ಎಂಬ ಬೆರಳಚ್ಚು ತಂತ್ರಾಂಶ ಮತ್ತು ಅದಕ್ಕೆ ಕನ್ನಡ ಕೀಲಿಮಣೆಗಳನ್ನು ಕೊಡುವ ಎಂ17ಎನ್ ಪೊಟ್ಟಣವನ್ನು ಹಾಕಿಕೊಂಡು ‘ಕೆಜಿಪಿ’ ಎಂಬ, ನುಡಿಯಲ್ಲಿರುವ ಕೀಲಿಮಣೆ ವಿನ್ಯಾಸವನ್ನೇ ಆರಿಸಿ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸ ಪಾಠ ಬೇಕಾಗುವುದಿಲ್ಲ. ಗುಬ್ಬಿ, ನವಿಲು ಎಂಬ ಮುಕ್ತ ಫಾಂಟ್‌ಗಳನ್ನೂ ಹಾಕಿಕೊಳ್ಳಿ. ತಂದೆಯ ಬರಹವನ್ನು ನಾನು ಮುದ್ರಿಸಿದ್ದು ನವಿಲು ಫಾಂಟಿನಲ್ಲಿ.

ಕೊನೆಯದಾಗಿ ಟೈಮ್‌ಶಿಫ್ಟ್ ತೆರೆದು ವ್ಯವಸ್ಥೆಯ ಒಂದು ಪ್ರತಿ ಇಡಿ. ಅದು ನಿಮ್ಮ ದಾಖಲೆಗಳನ್ನು ತಾನಾಗಿ ಉಳಿಸುವುದಿಲ್ಲ. ಆದ್ದರಿಂದ ಹೊರಗಿನ ಡಿಸ್ಕನ್ನು ಬೇರೆ ಕೆಲಸಕ್ಕೆ ಬಳಸಬೇಡಿ.