ಕೆಂಪು ನಾಣ್ಯಕ್ಕೆ ತೆತ್ತ ನಾಲ್ಕು ನೂರು ರೂಪಾಯಿ

ಕಲಬುರಗಿಯ ಶರಣಬಸವೇಶ್ವರ ಜಾತ್ರೆಯಲ್ಲಿ ಹಳೆಯ ನಾಣ್ಯಗಳನ್ನು ಹರಡಿಕೊಂಡು ಕುಳಿತಿದ್ದ ವ್ಯಾಪಾರಿಯೊಬ್ಬನಿಂದ, ತಾಮ್ರದಂತೆ ಕೆಂಪಗಿದ್ದ ಐದು ರೂಪಾಯಿಯ ನಾಣ್ಯವನ್ನು ನಾನು 400 ರೂಪಾಯಿ ಕೊಟ್ಟು ಕೊಂಡೆ. ಹೊಂಬಣ್ಣದ ನಿಕಲ್ ಹಿತ್ತಾಳೆಯ ಬದಲು ಟಂಕಸಾಲೆಯಲ್ಲಿ ತಪ್ಪಿ ತಾಮ್ರದ ಬಿಲ್ಲೆಯ ಮೇಲೆ ಅಚ್ಚು ಬಿದ್ದಿದೆ ಎಂಬ ಅವನ ಮಾತು, ಟಂಕಸಾಲೆಯ ತಪ್ಪಿರುವ ನಾಣ್ಯಗಳನ್ನು ಹುಡುಕುವ ನನಗೆ ಅಷ್ಟು ರುಚಿಸಿತ್ತು.

ಬೀದರಿನಲ್ಲಿ ಬಿದ್ರಿ ಕೆಲಸ ಮಾಡುವ ಪರಿಚಿತರಿಗೆ ಅದನ್ನು ತೋರಿಸಿದಾಗ ಅವರು ನಕ್ಕು, "ಮ್ಯಾಲಿನ ಬಣ್ಣ ನೋಡಬ್ಯಾಡ್ರಿ ಸರ, ಅಂಚು ಕೆರದು ನೋಡ್ರಿ" ಎಂದರು. ಕೋಟೆಯ ಮಣ್ಣು ಮತ್ತು ನವಸಾಗರದಿಂದ ಸತು-ತಾಮ್ರದ ಪಾತ್ರೆಯನ್ನು ಕಪ್ಪಾಗಿಸಿ, ಅದರೊಳಗಿನ ಬೆಳ್ಳಿಯ ಕುಸುರಿಯನ್ನು ಮಾತ್ರ ಬೆಳ್ಳಗೇ ಉಳಿಸುವವರಿಗೆ ಲೋಹದ ಬಣ್ಣವು ಮೇಲ್ಪದರದ ಮಾತು ಎಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅಂಚನ್ನು ಕೆರೆದಾಗ ಒಳಗೆ ಹಿತ್ತಾಳೆಯ ಹಳದಿಯೇ ಕಂಡಿತು. ಆಮ್ಲ ತಾಕಿದ ಹಿತ್ತಾಳೆಯಿಂದ ಸತು ಕರಗಿಹೋಗಿ ಮೇಲೆ ತಾಮ್ರ ಉಳಿಯುವುದರಿಂದ ಈ ಕೆಂಪು ಬರುತ್ತದೆ. ಅಕ್ಕಸಾಲಿಗರ ತಕ್ಕಡಿಯಲ್ಲಿ ಮೊದಲೇ ತೂಗಿದ್ದರೆ ನಾಣ್ಯವನ್ನು ಕೆರೆಯುವ ಅಗತ್ಯವೂ ಬೀಳುತ್ತಿರಲಿಲ್ಲ: ಈ ನಾಣ್ಯದ ನಿಗದಿತ ತೂಕ 6 ಗ್ರಾಂ, ತಾಮ್ರವು ಹಿತ್ತಾಳೆಗಿಂತ ಭಾರವಾದ್ದರಿಂದ ಅದೇ ಗಾತ್ರದ ತಾಮ್ರದ ನಾಣ್ಯ ಅದಕ್ಕಿಂತ ಹೆಚ್ಚು ತೂಗಬೇಕು, ಆಮೇಲೆ ತೂಗಿದಾಗ ನನ್ನದು ಕಡಿಮೆ ತೂಗಿತು.

ಅಂದಿನಿಂದ ನಾನು ಬಣ್ಣವನ್ನು ಬದಿಗಿಟ್ಟು, ಅಚ್ಚು ಬೀಳುವ ಆ ಒಂದು ಕ್ಷಣದಲ್ಲಿ ಇಂಥದ್ದು ಆಗಲು ಸಾಧ್ಯವೇ ಎಂದು ಮೊದಲು ಯೋಚಿಸುತ್ತೇನೆ. ಹತ್ತು ರೂಪಾಯಿಯ ನಾಣ್ಯದಲ್ಲಿ ಅಕ್ಷರಗಳು ನೇರವಾಗಿದ್ದು ನಡುವಿನ ಸಿಂಹಸ್ತಂಭ ಮಾತ್ರ ವಾಲಿದ್ದರೆ ಅದನ್ನು ಮುಟ್ಟುವುದೇ ಇಲ್ಲ. ಹೊರಬಳೆ ಮತ್ತು ನಡುಬಿಲ್ಲೆಗಳು ಒಂದೇ ಹೊಡೆತದಲ್ಲಿ ಬೆಸೆದುಕೊಂಡು ಚಿತ್ರವನ್ನೂ ಪಡೆಯುತ್ತವೆಯಾದ್ದರಿಂದ, ಯಾರೋ ನಡುಭಾಗವನ್ನು ಕಳಚಿ ತಿರುಗಿಸಿ ಕೂರಿಸಿದ್ದಾರೆಂದೇ ಅರ್ಥ. ಸಂಗ್ರಾಹಕರು 'ಲಖಿ' ಎಂದು ಕರೆಯುವ, ಒಂದೇ ಚಿತ್ರವು ಒಂದು ಬದಿಯಲ್ಲಿ ಉಬ್ಬಾಗಿಯೂ ಇನ್ನೊಂದು ಬದಿಯಲ್ಲಿ ತಗ್ಗಾಗಿ, ತಿರುವುಮುರುವಾಗಿಯೂ ಇರುವ ನಾಣ್ಯಗಳಲ್ಲಿ ಮೋಸ ಹೆಚ್ಚು. ಎರಡು ನಾಣ್ಯಗಳನ್ನು ವೈಸ್‌ನಲ್ಲಿಟ್ಟು ಬಿಗಿದರೂ ತಗ್ಗು ಚಿತ್ರ ಮೂಡುತ್ತದೆ, ಆದರೆ ಆಗ ಅದರಡಿಯಲ್ಲಿ ಮೂಲ ಚಿತ್ರದ ಚಪ್ಪಟೆಯಾದ ಅವಶೇಷ ಭೂತಗನ್ನಡಿಗೆ ಸಿಕ್ಕೇ ಸಿಗುತ್ತದೆ.

ನಿಜವಾದ ದೋಷವನ್ನು ಕಂಡದ್ದು ಸೂಪರ್ ಮಾರ್ಕೆಟ್ ಬಳಿಯ ಚಹಾದಂಗಡಿಯಲ್ಲಿ, ಚಿಲ್ಲರೆಯ ಜೊತೆ ಬಂದ ಉಕ್ಕಿನ ಒಂದು ರೂಪಾಯಿಯಲ್ಲಿ. ಅದರ ಒಂದು ಬದಿ ಬಾಗಿದ ಗೆರೆಯಾಗಿ ಕತ್ತರಿಸಿಹೋಗಿತ್ತು. ಇಂಥ ತುಂಡನ್ನು ಅರದಿಂದಲೂ ಮಾಡಬಹುದಾದ್ದರಿಂದ ನಾನು ಕತ್ತರಿಸಿದ ಜಾಗಕ್ಕಿಂತ ಅದರ ನೇರ ಎದುರಿನ ಅಂಚನ್ನು ಹೆಚ್ಚು ಹೊತ್ತು ನೋಡಿದೆ. ಅಚ್ಚಿಗೆ ಮುಂಚೆ ಬಿಲ್ಲೆಯ ಅಂಚನ್ನು ಒತ್ತಿ ಎಬ್ಬಿಸುವಾಗ ತುಂಡಾದ ಕಡೆ ಆಸರೆ ಸಿಗದೆ ಎದುರು ಬದಿಯ ಅಂಚು ಸರಿಯಾಗಿ ಏಳುವುದಿಲ್ಲ. ಅರ ಹಾಕಿದವನಿಂದ ಅದನ್ನು ಅನುಕರಿಸಲಾಗದು. ನನ್ನ ಅಂಗೈಯ ಮೇಲಿದ್ದ ನಾಣ್ಯದಲ್ಲಿ ಅಲ್ಲಿನ ಅಂಚು ಮಸುಕಾಗಿ, ಬಹುತೇಕ ಮಾಯವಾಗಿತ್ತು. ಮುಂದಿನ ಚಹಾದ ಹಣಕ್ಕೆ ಬೇರೆ ನಾಣ್ಯ ಕೊಟ್ಟೆ.